ಉಗಿಯ ಜಾತ್ರೆಯ ಯಜಮಾನ

ಜಾತ್ರೆಗೆ ಹೋದವರು ತೇರನ್ನು ಕಂಡು ಕೈಮುಗಿದು ಬರುತ್ತಾರೆ. ತೇರು ಸಾಗುವ ಬೀದಿಯ ತಗ್ಗುಗಳನ್ನು ತುಂಬಿಸಿದವರಾರು, ನೆರೆದ ಜನಕ್ಕೆ ನೀರನ್ನು ಒದಗಿಸಿದವರಾರು, ಮಳೆ ಬಂದರೆ ಗತಿಯೇನೆಂದು ವಾರಗಟ್ಟಲೆ ಆಕಾಶವನ್ನು ನೋಡಿದವರಾರು ಎಂದು ವಿಚಾರಿಸುವವರು ವಿರಳ. ಜಾತ್ರೆಯು ಚೆನ್ನಾಗಿ ನಡೆದರೆ ಕೀರ್ತಿಯು ದೇವರಿಗೆ. ಕೆಟ್ಟರೆ ಅಪಕೀರ್ತಿಯು ಯಜಮಾನನಿಗೆ. ಈ ನಿಯಮವು ದೇಶದೇಶಗಳಿಗೆ ಬೇರೆಬೇರೆಯಲ್ಲ.

ಇಂಗ್ಲೆಂಡಿನ ದಕ್ಷಿಣಕ್ಕಿರುವ ಡಾರ್ಸೆಟ್ ಪ್ರಾಂತದಲ್ಲಿ ಮೈಕೇಲ್ ಆಲಿವರ್ ಎಂಬವರು ಸುಮಾರು ನಾಲ್ಕು ದಶಕಗಳ ಕಾಲ ಇಂಥದೊಂದು ಜಾತ್ರೆಯ ಹೊಣೆಯನ್ನು ಹೊತ್ತರು. ಆ ಜಾತ್ರೆಯಲ್ಲಿ ಉತ್ಸವಮೂರ್ತಿಯಿಲ್ಲ. ಕಲ್ಲಿದ್ದಲನ್ನು ಉಂಡು, ನೀರನ್ನು ಕುಡಿದು, ಹೊಗೆಯನ್ನುಗುಳುತ್ತ ಒಂದು ಕಾಲಕ್ಕೆ ಹೊಲವನ್ನು ಉತ್ತ, ತೆನೆಯನ್ನು ಒಕ್ಕಿದ, ರಸ್ತೆಯನ್ನು ತುಳಿದ ಮುದಿ ಉಗಿಯಂತ್ರಗಳೇ ಅಲ್ಲಿಯ ತೇರುಗಳು. ‘ಗ್ರೇಟ್ ಡಾರ್ಸೆಟ್ ಸ್ಟೀಮ್ ಫೇರ್’ ಎಂಬ ಹೆಸರಿನಿಂದ ಈ ಜಾತ್ರೆಯು ಲೋಕಪ್ರಸಿದ್ಧವಾಯಿತು. ಆದರೆ ಇದರ ಮಹತ್ವವು ಪ್ರಸಿದ್ಧಿಯಲ್ಲಿಲ್ಲ. ಹಳೆಯ ವಸ್ತುವನ್ನು ಉಳಿಸುವುದೆಂದರೆ ಏನು ಎಂಬ ಪ್ರಶ್ನೆಗೆ ಆಲಿವರರು ಒಂದು ಉತ್ತರವನ್ನು ಕೊಟ್ಟರು. ಮಹತ್ವವಿರುವುದು ಆ ಉತ್ತರದಲ್ಲಿ.

ಈ ಯಂತ್ರಗಳ ಪೂರ್ವಕಥೆಯನ್ನು ಸ್ವಲ್ಪ ತಿಳಿಯದೆ ಆ ಉತ್ತರದ ಬೆಲೆ ತಿಳಿಯದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಉಗಿಯು ರೈಲಿನ ಹಳಿಯನ್ನು ಬಿಟ್ಟು ಹೊಲಕ್ಕಿಳಿಯಿತು. ಮೊದಲು ಬಂದ ಎಂಜಿನುಗಳಿಗೆ ತಾವಾಗಿ ನಡೆಯಲು ಬಾರದು. ಕುದುರೆಗಳು ಅವನ್ನು ಕಣದಿಂದ ಕಣಕ್ಕೆ ಎಳೆದೊಯ್ಯಬೇಕಾಗಿತ್ತು. ಇಷ್ಟು ಬಲವುಳ್ಳ ಯಂತ್ರವನ್ನು ಕುದುರೆಯಿಂದ ಎಳೆಸುವುದು ವಿಪರೀತವೆಂದು ಕಂಡ ರೋಚೆಸ್ಟರಿನ ಥಾಮಸ್ ಏವ್ಲಿಂಗ್, 1859ರಲ್ಲಿ ಎಂಜಿನಿನ ಗಾಲಿಗಳಿಗೆ ಸರಪಳಿಯಿಂದ ಚಲನೆಯನ್ನು ಕೊಟ್ಟು ಅದನ್ನು ಸ್ವಯಂಚಾಲಿತವನ್ನಾಗಿ ಮಾಡಿದನು. ಹಾದಿಯಲ್ಲಿ ಬುಸುಗುಟ್ಟುತ್ತ ಬರುವ ಈ ಭೂತವನ್ನು ಕಂಡು ಜನರೂ ಕುದುರೆಗಳೂ ಬೆದರಿದ್ದರಲ್ಲಿ ಆಶ್ಚರ್ಯವಿಲ್ಲ. 1865ರ ಶಾಸನವೊಂದು ಅದರ ವೇಗವನ್ನು ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿಗೂ ಪಟ್ಟಣದಲ್ಲಿ 2 ಮೈಲಿಗೂ ಮಿತಗೊಳಿಸಿ, ಮುಂದೆ ಒಬ್ಬಾತನು ಕೆಂಪು ಬಾವುಟವನ್ನು ಹಿಡಿದು ನಡೆಯತಕ್ಕದ್ದೆಂದು ವಿಧಿಸಿತು. ಬಲದಲ್ಲಿ ಆನೆ, ನಡಿಗೆಯಲ್ಲಿ ಮನುಷ್ಯನ ಹಿಂದೆ ಹೋಗುವ ಹಸು. ಇದು ಅಂದಿನ ಉಗಿಯಂತ್ರದ ಸ್ಥಿತಿ.

ಉಳುಮೆಯ ಸಮಸ್ಯೆಯನ್ನು ಬಿಡಿಸಿದವನು ಜಾನ್ ಫೌಲರ್. ಹದಿನೈದು ಇಪ್ಪತ್ತು ಟನ್ ತೂಗುವ ಎಂಜಿನನ್ನು ಹೊಲದ ಮೇಲೆ ಓಡಾಡಿಸಿದರೆ ಮಣ್ಣು ಮೃದುವಾಗುವ ಬದಲು ಗಟ್ಟಿಯಾದೀತು. ಆದುದರಿಂದ ಎಂಜಿನು ಹೊಲದೊಳಕ್ಕೆ ಹೋಗಲೇಬಾರದೆಂದು ಅವನು ನಿಶ್ಚಯಿಸಿದನು. ಮುಂದೆ ರೂಢಿಗೆ ಬಂದ ಪದ್ಧತಿಯಲ್ಲಿ ಹೊಲದ ಎರಡು ಬದುಗಳಲ್ಲಿ ಎದುರುಬದುರಾಗಿ ಎರಡು ಎಂಜಿನುಗಳು ನಿಲ್ಲುತ್ತಿದ್ದವು. ಒಂದೊಂದರ ಹೊಟ್ಟೆಯ ಕೆಳಗೂ ಉಕ್ಕಿನ ಹಗ್ಗವನ್ನು ಸುತ್ತಿದ ದೊಡ್ಡ ರಾಟೆ. ನಡುವೆ ಹಲವು ಕುಳಗಳುಳ್ಳ ನೇಗಿಲು. ಏತದ ಮರದಂತೆ ಅದರ ಒಂದು ತುದಿ ನೆಲವನ್ನು ಮುಟ್ಟಿದಾಗ ಇನ್ನೊಂದು ತುದಿಯು ಮೇಲಕ್ಕೇಳುತ್ತಿತ್ತು. ಆದುದರಿಂದ ಹೊಲದ ಕೊನೆಯಲ್ಲಿ ಅದನ್ನು ತಿರುಗಿಸುವ ಶ್ರಮವಿಲ್ಲ. ಈ ಕಡೆಯ ಎಂಜಿನು ಎಳೆದಾಗ ನೇಗಿಲು ಈ ಕಡೆಗೆ, ಆ ಕಡೆಯದು ಎಳೆದಾಗ ಆ ಕಡೆಗೆ. ಎದುರಿನ ಚಾಲಕನಿಗೆ ‘ಎಳೆ’ ಎಂದು ಕೂಗಿದರೆ ಕೇಳಿಸದಷ್ಟು ದೂರವಾದುದರಿಂದ ಸೀಟಿಯ ಸದ್ದೇ ಅವರ ಮಾತು. 1858ರಲ್ಲಿ ಚೆಸ್ಟರಿನಲ್ಲಿ ನಡೆದ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ಪ್ರದರ್ಶನದಲ್ಲಿ ಫೌಲರನ ಉಗಿನೇಗಿಲಿಗೆ 500 ಪೌಂಡುಗಳ ಬಹುಮಾನವು ದೊರೆಯಿತು. ಆರು ವರ್ಷಗಳ ತರುವಾಯ, ಇನ್ನೂ ನಲವತ್ತು ತುಂಬುವ ಮೊದಲೇ, ಅವನು ತೀರಿಕೊಂಡನು. ಅವನ ಹೆಸರನ್ನು ಹೊತ್ತ ಲೀಡ್ಸಿನ ಕಾರ್ಖಾನೆಯ ಎಂಜಿನುಗಳು ಮಾತ್ರ ದೇಶವಿದೇಶಗಳ ಮಣ್ಣನ್ನು ಉತ್ತವು.

ಬೆಳಗಿದ ದೀಪವು ಆರುವುದಕ್ಕೆ ಬಹಳ ಕಾಲ ಹಿಡಿಯಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲಕ್ಕೆ, 1917ರಲ್ಲಿ, ಫೋರ್ಡ್‌ಸನ್ ಟ್ರಾಕ್ಟರು ಬ್ರಿಟನ್ನಿನ ಹೊಲಗಳಿಗೆ ಬಂದಿತು. ಅದಕ್ಕೆ ಬೆಳಗಿನ ಜಾವವೇ ಎದ್ದು ಬೆಂಕಿ ಹೊತ್ತಿಸುವ ಆಳು ಬೇಡ, ಗಾಡಿಗಟ್ಟಲೆ ನೀರು ಬೇಡ. ಥೆಟ್‌ಫರ್ಡಿನ ಬರೆಲ್ ಕಾರ್ಖಾನೆಯು 1928ರಲ್ಲಿ ಬಾಗಿಲು ಹಾಕಿತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ಕೊಯ್ಯುವುದನ್ನೂ ಒಕ್ಕುವುದನ್ನೂ ಒಟ್ಟಿಗೆ ಮುಗಿಸುವ ಯಂತ್ರಗಳು ಹಬ್ಬಿದಂತೆ ಉಗಿಯ ಒಕ್ಕಣೆಗೂ ತೆರೆಬಿದ್ದಿತು. ಕೊಟ್ಟಿಗೆಗಳ ಹಿಂದೆ, ಮುಳ್ಳುಕಂಟಿಗಳ ನಡುವೆ ನಿಂತು ತುಕ್ಕು ಹಿಡಿಯುತ್ತಿದ್ದ ಎಂಜಿನುಗಳನ್ನು ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಕೊಂಡು, ತುಂಡುಮಾಡಿ ಒಯ್ದರು. ಮೂರು ತಲೆಮಾರುಗಳಿಗೆ ಅನ್ನವಿಕ್ಕಿದ ಯಂತ್ರದ ಬೆಲೆಯು ಅದರ ಕಬ್ಬಿಣದ ಬೆಲೆಗೆ ಇಳಿಯಿತು.

ಆಗ ನಡೆದುದೊಂದು ವಿನೋದ. ಆಪಲ್‌ಫರ್ಡ್ ಎಂಬ ಹಳ್ಳಿಯ ರೈತ ಆರ್ಥರ್ ನ್ಯಾಪರ್ ಎಂಬಾತನು ‘ಓಲ್ಡ್ ಟೈಮರ್’ ಎಂಬ ಹಳೆಯ ಮಾರ್ಷಲ್ ಎಂಜಿನನ್ನು ಕೊಂಡಿದ್ದನು. ಇಂಥದೇ ಹುಚ್ಚಿನ ಮಿತ್ರನೊಬ್ಬನ ಎಂಜಿನಿಗೂ ತನ್ನದಕ್ಕೂ ಓಟದ ಪಂದ್ಯವಾಗಲೆಂದು ಪಣ ಕಟ್ಟಿದನು. ಪಣದ ವಸ್ತು, ಒಂಬತ್ತು ಗ್ಯಾಲನ್ನಿನ ಒಂದು ಪೀಪಾಯಿ ಬಿಯರು. 1950ರ ಬೇಸಗೆಯಲ್ಲಿ ಹುಲ್ಲುಗಾವಲೊಂದರಲ್ಲಿ ಆ ಎರಡು ಮುದಿ ಎಂಜಿನುಗಳು ಗಡಗಡನೆ ಓಡಿದವು, ನ್ಯಾಪರನು ಗೆದ್ದನು. ನಗುವುದಕ್ಕೆಂದು ಬಂದ ಜನ ಕಣ್ಣೊರಸಿಕೊಂಡು ಹೋದರಂತೆ ಎಂದು ಬರೆದರೆ ಅದು ಕಟ್ಟುಕಥೆಯಾದೀತು. ಆದರೆ ಮುಂದಿನ ವರ್ಷಗಳಲ್ಲಿ ಇಂಥ ಕೂಟಗಳು ಊರೂರಿಗೆ ಹಬ್ಬಿದುದೂ, 1954ರಲ್ಲಿ ಎಂಜಿನು ಪ್ರಿಯರ ರಾಷ್ಟ್ರೀಯ ಸಂಘವೊಂದು ಹುಟ್ಟಿದುದೂ ನಿಜ. ಗುಜರಿಯವನ ಸುತ್ತಿಗೆಗೆ ಮೊದಲ ಅಡ್ಡಿಯು ಬಂದದ್ದು ಯಾವ ಸರ್ಕಾರದಿಂದಲೂ ಅಲ್ಲ, ಯಾವ ವಿದ್ವತ್ಸಭೆಯಿಂದಲೂ ಅಲ್ಲ. ಒಂದು ಪೀಪಾಯಿ ಬಿಯರಿನಿಂದ.

ಮೈಕೇಲ್ ಆಲಿವರರು ಈ ಪರಂಪರೆಯಲ್ಲಿ ಬಂದವರು. 1968ರಲ್ಲಿ ಡಾರ್ಸೆಟ್ಟಿನ ಓಕ್‌ಫರ್ಡ್ ಫಿಟ್ಜ್‌ಪೇನ್ ಎಂಬ ಹಳ್ಳಿಯ ‘ರಾಯಲ್ ಓಕ್’ ಎಂಬ ಪಾನಗೃಹದಲ್ಲಿ ಕೆಲವು ಗೆಳೆಯರು ಕುಳಿತು ಆಡಿದ ಮಾತಿನಲ್ಲಿ ಜಾತ್ರೆಯ ಬೀಜವಿತ್ತು. ಮಾರನೆಯ ವರ್ಷ, 1969ರಲ್ಲಿ, ಸ್ಟೌರ್‌ಪೇನ್ ಬುಷಸ್ ಎಂಬಲ್ಲಿ ಮೊದಲ ಜಾತ್ರೆಯು ನಡೆಯಿತು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಉಗಿಯಂತ್ರಗಳ ಕೂಟಗಳಿಗೆ ಕೊರತೆಯಿರಲಿಲ್ಲ. ಆದರೆ ಅನೇಕ ಕಡೆ ನಡೆಯುತ್ತಿದ್ದುದು ಮೆರವಣಿಗೆ ಮಾತ್ರ: ಹಿತ್ತಾಳೆಯನ್ನು ತಿಕ್ಕಿ, ಬಣ್ಣವನ್ನು ಬಳಿದು, ಬಯಲಿನಲ್ಲಿ ನಾಲ್ಕು ಸುತ್ತು ಸುತ್ತಿಸಿ, ಬಹುಮಾನವನ್ನು ಕೊಟ್ಟು ಕಳುಹಿಸುವುದು. ಡಾರ್ಸೆಟ್ಟಿನವರ ಹಂಬಲ ಬೇರೆ. ಆರಂಭದ ವರ್ಷಗಳಲ್ಲಿ ಅವರು ತಮ್ಮ ಜಾತ್ರೆಗೆ ಕೊಟ್ಟ ಹೆಸರೇ ಅದನ್ನು ಹೇಳುತ್ತದೆ. ‘ಉಗಿಯಂತ್ರಗಳ ಮಹಾ ದುಡಿಮೆ’ ಎಂದು ಅದನ್ನು ಕನ್ನಡಿಸಬಹುದು. ಯಂತ್ರವು ನಿಂತಿದ್ದರೆ ಅದು ಕಬ್ಬಿಣ, ಮೆರೆದರೆ ಬೊಂಬೆ, ದುಡಿದರೆ ಮಾತ್ರ ಯಂತ್ರ. ಆಲಿವರರು ಕೊಟ್ಟ ಉತ್ತರವು ಇದೇ.

ಉತ್ತರವನ್ನು ಹೇಳುವುದು ಸುಲಭ, ನಡೆಸುವುದು ಕಷ್ಟ. ಒಕ್ಕುವ ಯಂತ್ರವನ್ನು ಓಡಿಸಿ ತೋರಿಸಬೇಕಾದರೆ ಒಕ್ಕುವುದಕ್ಕೆ ತೆನೆಯಿರಬೇಕು. ಹೊಸ ಕಾಲದ ಗೋಧಿಯ ತಳಿಗಳ ಕಡ್ಡಿ ಗಿಡ್ಡ. ಹಳೆಯ ಯಂತ್ರಕ್ಕೆ ನೀಳವಾದ ಕಡ್ಡಿಯ ಬೆಳೆ ಹಿತ. ಅದನ್ನು ಬೇಕೆಂದೇ ಬಿತ್ತಿ ಬೆಳೆದು, ಸಿವುಡು ಕಟ್ಟುವ ಹಳೆಯ ಯಂತ್ರದಿಂದ ಕೊಯ್ದು, ಒಣಗಿಸಿ, ಬಣವೆಯೊಟ್ಟಿ ಕಾಯ್ದಿರಿಸಬೇಕು. ಉಗಿನೇಗಿಲು ಉಳಬೇಕಾದರೆ ಕೊಯ್ಲಾದ, ಆದರೆ ಇನ್ನೂ ಉಳದ ವಿಶಾಲವಾದ ಹೊಲವು ಬೇಕು. ರೈತನ ಕೊಯ್ಲು ಮುಗಿದಿರಬೇಕು, ಮುಂದಿನ ಬಿತ್ತನೆ ಆರಂಭವಾಗಿರಬಾರದು. ಆಗಸ್ಟಿನ ಕೊನೆಗೂ ಸೆಪ್ಟೆಂಬರಿನ ಮೊದಲಿಗೂ ನಡುವೆ ಸಿಗುವ ಕೆಲವೇ ದಿನಗಳ ಆ ಬಿಡುವಿನಲ್ಲಿ ಒಂದು ಪಟ್ಟಣವು ಏಳಬೇಕು, ಇರಬೇಕು, ಗುರುತುಳಿಯದಂತೆ ಮಾಯವಾಗಬೇಕು.

ಪಟ್ಟಣವೆಂಬುದು ಅಲಂಕಾರದ ಮಾತಲ್ಲ. 1988ರಿಂದ ಜಾತ್ರೆಯು ನೆಲೆನಿಂತುದು ಬ್ಲ್ಯಾಂಡ್‌ಫರ್ಡಿನಿಂದ ಸಾಲ್ಸ್‌ಬರಿಗೆ ಹೋಗುವ ಹೆದ್ದಾರಿಯ ಬದಿಯ ಟ್ಯಾರಂಟ್ ಹಿಂಟನ್ ಎಂಬ ಹಳ್ಳಿಯ ಹೊಲಗಳಲ್ಲಿ. ಅಲ್ಲಿ ಜಾತ್ರೆಯ ಬಯಲು ಸುಮಾರು 600 ಎಕರೆಗಳಿಗೆ ಹಬ್ಬಿತು. ಐದು ದಿನಗಳಲ್ಲಿ ಬಂದುಹೋಗುವವರ ಸಂಖ್ಯೆಯು ಎರಡು ಲಕ್ಷದ ಆಸುಪಾಸಿಗೆ ಮುಟ್ಟಿತು. ಇಷ್ಟು ಜನಕ್ಕೆ ನೀರು, ಶೌಚ, ವೈದ್ಯ, ಬೆಂಕಿಯ ಕಾವಲು, ವಾಹನಗಳಿಗೆ ಹಾದಿ. ಎಂಜಿನುಗಳ ಬಾಯಾರಿಕೆಯಾದರೋ ಇದಕ್ಕೆ ಹೊರತು. ದುಡಿಯುವ ಎಂಜಿನೊಂದು ದಿನಕ್ಕೆ ನೂರಾರು ಗ್ಯಾಲನ್ ನೀರನ್ನು ಕುಡಿಯಬಲ್ಲುದು. ಅದಕ್ಕೆ ಬೆಳಗಾಗುವ ಮೊದಲೇ ಕಲ್ಲಿದ್ದಲು ಸಿಗಬೇಕು, ಏಕೆಂದರೆ ತಣ್ಣಗಿರುವ ಬಾಯ್ಲರಿನಲ್ಲಿ ಉಗಿಯೇಳಲು ಎರಡು ಮೂರು ಗಂಟೆ ಹಿಡಿಯುತ್ತದೆ. ಬಾಯ್ಲರು ಸಿಡಿದರೆ ಅದು ಬಾಂಬಿಗೆ ಸಮಾನ. ಆದುದರಿಂದ ಪ್ರತಿಯೊಂದು ಎಂಜಿನೂ ಬಲ್ಲವರಿಂದ ಪರೀಕ್ಷಿತವಾಗಿರಬೇಕು. ಒಣಹುಲ್ಲಿನ ಬಣವೆಯ ಪಕ್ಕದಲ್ಲಿಯೇ ಕಿಡಿಯನ್ನುಗುಳುವ ಚಿಮಣಿ! ಇಷ್ಟೆಲ್ಲವನ್ನೂ ಹೊಂದಿಸಿದ ಮೇಲೆ ಮಳೆಯೊಂದು ಬಂದರೆ ಸಾಕು. ಸುಣ್ಣಕಲ್ಲಿನ ನೆಲವು ನೀರನ್ನು ಬೇಗ ಇಂಗಿಸಿಕೊಂಡರೂ, ಸಾವಿರಾರು ಗಾಲಿಗಳು ತುಳಿದ ಬಯಲು ಕೆಸರಾಗಿ ಹೋಗುತ್ತದೆ. ಸಂಘಟಕನೆಂದರೆ ಯಾರು? ಎಲ್ಲರೂ ಬಂದು ಆನಂದಿಸುವ ದಿನ ತಾನೊಬ್ಬನೇ ಆನಂದಿಸಲಾರದವನು.

ಬಂದವರಿಗೆ ಕಾಣುತ್ತಿದ್ದುದು ಬೇರೆಯ ಲೋಕ. ಒಂದೆಡೆ ಉಗಿಯ ಎಂಜಿನು, ಉದ್ದವಾದ ಚರ್ಮದ ಪಟ್ಟಿ, ಅದರ ಇನ್ನೊಂದು ತುದಿಯಲ್ಲಿ ಗುಂಯ್‌ಗುಡುವ ಒಕ್ಕಣೆ ಯಂತ್ರ. ಮೇಲಿನಿಂದ ಸಿವುಡನ್ನು ಬಿಚ್ಚಿ ಹಾಕಿದರೆ ಒಂದು ಬದಿಯಲ್ಲಿ ಕಾಳು ಚೀಲಕ್ಕೆ ಇಳಿಯುತ್ತದೆ, ಇನ್ನೊಂದೆಡೆ ಹುಲ್ಲು, ಕೆಳಗೆ ಹೊಟ್ಟು. ಇನ್ನೊಂದೆಡೆ ಮರದ ದಿಮ್ಮಿಗಳನ್ನು ಸೀಳುವ ಗರಗಸ. ಅದರಾಚೆ ಭಾರಿ ಕುದುರೆಗಳ ಉಳುಮೆ. ದಿಬ್ಬವೊಂದರಲ್ಲಿ ಎರಡು ಮೂರು ಎಂಜಿನುಗಳು ಒಂದರ ಹಿಂದೊಂದು ಸೇರಿ ಹತ್ತಾರು ಟನ್ನಿನ ಹೊರೆಯನ್ನು ಏರುದಾರಿಯಲ್ಲಿ ಎಳೆಯುವಾಗ ಚಿಮಣಿಗಳ ಉಸಿರಾಟವು ಎದೆಗೇ ತಾಗುವಂತಿರುತ್ತಿತ್ತು. ಉಗಿಯ ರೋಲರುಗಳು ಜಲ್ಲಿಯನ್ನು ತುಳಿದು ನಿಜವಾದ ರಸ್ತೆಯನ್ನು ಮಾಡಿದವು. ಕತ್ತಲಾದ ಮೇಲೆ, ಒಂದು ಕಾಲಕ್ಕೆ ಜಾತ್ರೆಯ ಆಟಗಳಿಗೆ ವಿದ್ಯುತ್ತನ್ನೊದಗಿಸಲೆಂದೇ ಮಾಡಿದ ಎಂಜಿನುಗಳು ಸಾಲಾಗಿ ನಿಂತು ತಮ್ಮ ಮೂತಿಯ ಮೇಲಿನ ಡೈನಮೋಗಳಿಂದ ನೂರಾರು ದೀಪಗಳನ್ನು ಬೆಳಗಿಸುತ್ತಿದ್ದವು. 2018ರಲ್ಲಿ ಜಾತ್ರೆಯು ಐವತ್ತನೆಯದಾದಾಗ ಐನೂರರ ಸನಿಹಕ್ಕೆ ಉಗಿಯಂತ್ರಗಳು ಸೇರಿದ್ದವು.

ಇದೆಲ್ಲ ಹಳೆಯ ಕಾಲದ ವೃಥಾ ವ್ಯಾಮೋಹವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯು ತಳ್ಳಿಹಾಕತಕ್ಕದ್ದಲ್ಲ. ಇದೇ ಡಾರ್ಸೆಟ್ಟಿನ ಮಗನಾದ ಥಾಮಸ್ ಹಾರ್ಡಿಯು 1891ರಲ್ಲಿ ಪ್ರಕಟವಾದ ‘ಟೆಸ್’ ಕಾದಂಬರಿಯಲ್ಲಿ ಉಗಿಯ ಒಕ್ಕಣೆಯನ್ನು ಚಿತ್ರಿಸಿದ್ದಾನೆ. ಅಲ್ಲಿ ಅದು ಹಬ್ಬವಲ್ಲ. ಯಂತ್ರದ ಮೇಲೆ ನಿಂತು ಸಿವುಡುಗಳನ್ನು ಬಿಚ್ಚಿಕೊಡುವ ಬಡ ಹೆಣ್ಣುಮಗಳು ಅದರ ವೇಗಕ್ಕೆ ತನ್ನ ಕೈಯನ್ನು ಹೊಂದಿಸಲೇಬೇಕು. ಅದು ನಿಲ್ಲುವವರೆಗೆ ಅವಳಿಗೆ ಉಸಿರಿಲ್ಲ. ಎಂಜಿನಿನ ಚಾಲಕನೋ, ಮಸಿ ಹಿಡಿದು ನಿಂತ ಪರಸ್ಥಳದವನು. ಆ ಮಣ್ಣಿಗೂ ಅವನಿಗೂ ಸಂಬಂಧವಿಲ್ಲ. ಯಾವ ಯಂತ್ರವನ್ನು ಮೊಮ್ಮಕ್ಕಳು ಪ್ರೀತಿಯಿಂದ ಒರಸಿ ಹೊಳಪಿಸಿದರೋ ಅದೇ ಯಂತ್ರವು ಅಜ್ಜಿಯರ ಬೆನ್ನನ್ನು ಮುರಿದಿತ್ತು. ನಮ್ಮಲ್ಲಿ ಕಣದ ಧೂಳನ್ನು ಉಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ದುಡಿಸಿ ತೋರಿಸುವ ಪದ್ಧತಿಯ ಗುಣವು ಇಲ್ಲಿಯೇ ಇದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಯಂತ್ರವು ಅಂದವನ್ನು ಮಾತ್ರ ಹೇಳುತ್ತದೆ. ಓಡುವ ಯಂತ್ರವು ತನ್ನ ಸದ್ದನ್ನೂ, ಧೂಳನ್ನೂ, ಕಾವನ್ನೂ, ಅಪಾಯವನ್ನೂ ಮುಚ್ಚಿಡಲಾರದು. ಒಕ್ಕಣೆ ಯಂತ್ರದ ಬಳಿ ಅರ್ಧ ಗಂಟೆ ನಿಂತು ಹೊಟ್ಟನ್ನು ಕೆಮ್ಮಿದ ಹುಡುಗನು ಅಂದಿನ ಜೀತದ ಕೂಲಿಯನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ತಿಳಿದಾನು. ಎರಡನೆಯ ಗುಣವು ಇನ್ನೂ ದೊಡ್ಡದು. ಬೆಂಕಿಯನ್ನು ತೆಳುವಾಗಿ, ಸಮನಾಗಿ ಹರಡುವುದು ಹೇಗೆ, ಇಳಿಜಾರಿನಲ್ಲಿ ಬಾಯ್ಲರಿನ ನೀರು ಎಲ್ಲಿರಬೇಕು, ಉಕ್ಕಿನ ಹಗ್ಗ ಬಿಗಿಯಾದಾಗ ಎಲ್ಲಿ ನಿಲ್ಲಬಾರದು, ಪಟ್ಟಿಯು ಜಾರುವ ಮೊದಲು ಕೊಡುವ ಸದ್ದು ಯಾವುದು ಎಂಬುವು ಬರಹಕ್ಕೆ ಸಿಕ್ಕುವ ವಿದ್ಯೆಗಳಲ್ಲ. ಅವು ಕೈಯಿಂದ ಕೈಗೆ ಬರಬೇಕು. 1969ರಲ್ಲಿ ಉಗಿಯಿಂದಲೇ ಹೊಟ್ಟೆ ಹೊರೆದ ಮುದುಕರು ಹಳ್ಳಿಹಳ್ಳಿಗಳಲ್ಲಿ ಇನ್ನೂ ಇದ್ದರು, ಅವರನ್ನು ಕೇಳುವವರಿರಲಿಲ್ಲ. ಜಾತ್ರೆಯು ಅವರಿಗೆ ಕೆಲಸವನ್ನೂ, ಅವರ ಪಕ್ಕದಲ್ಲಿ ನಿಲ್ಲಲು ಒಬ್ಬೊಬ್ಬ ಹುಡುಗನನ್ನೂ ಕೊಟ್ಟಿತು. ಇಪ್ಪತ್ತು ವರ್ಷ ತಡವಾಗಿದ್ದರೆ ಎಂಜಿನುಗಳು ಉಳಿಯುತ್ತಿದ್ದವು. ಅವನ್ನು ಮಾತಾಡಿಸಬಲ್ಲವರು ಉಳಿಯುತ್ತಿರಲಿಲ್ಲ.

ಆಲಿವರರ ಸೇವೆಗೆ ಅವರ ದೇಶವು ಎಂ.ಬಿ.ಇ. ಎಂಬ ಬಿರುದನ್ನಿತ್ತು ಗೌರವಿಸಿತು. ಅವರ ತರುವಾಯ ಹೊಣೆಯು ಮಗನಾದ ಮಾರ್ಟಿನ್ ಆಲಿವರರ ಹೆಗಲಿಗೆ ಬಂದಿತು. ತಂದೆ ಬೆಳೆಸಿದ ಮರದ ನೆರಳು ದೊಡ್ಡದು. ಅದಕ್ಕೆ ಎರೆಯಬೇಕಾದ ನೀರೂ ಅಷ್ಟೇ. 2020 ಮತ್ತು 2021ರಲ್ಲಿ ಕೊರೊನಾ ವ್ಯಾಧಿಯ ಕಾರಣ ಜಾತ್ರೆಯು ನಡೆಯಲಿಲ್ಲ. 2022ರ ಆಗಸ್ಟಿನಲ್ಲಿ ಮತ್ತೆ ನಡೆಯಿತು. 2023ರಲ್ಲಿ, ಏರಿದ ಖರ್ಚನ್ನು ತಾಳಲಾರದೆ, ರದ್ದಾಯಿತು. ಅದೇ ವರ್ಷದ ನವೆಂಬರಿನಲ್ಲಿ ವೇಲ್ಸಿನ ಮರ್ಥರ್ ಟಿಡ್‌ಫಿಲ್ ಬಳಿಯ ಫೋಸ್-ಇ-ಫ್ರಾನ್ ಗಣಿಯು ಮುಚ್ಚಿತು. ಉಗಿಯಂತ್ರಗಳು ನೆಚ್ಚಿಕೊಂಡಿದ್ದ ವೇಲ್ಸಿನ ಕಲ್ಲಿದ್ದಲಿಗೆ ಅದು ದೊಡ್ಡ ಆಸರೆಯಾಗಿದ್ದಿತು. ಹವೆಯು ಕೆಡುತ್ತಿರುವ ಕಾಲದಲ್ಲಿ ಕಲ್ಲಿದ್ದಲಿನ ಹೊಗೆಗೆ ಸಮರ್ಥನೆಯನ್ನು ಹುಡುಕುವುದೂ ಕಠಿನವೇ.

ಹೀಗಿರುವಾಗ ಆಲಿವರರ ದುಡಿಮೆಯು ಫಲಿಸಿತೆನ್ನಬೇಕೇ, ಫಲಿಸಲಿಲ್ಲವೆನ್ನಬೇಕೇ? ದೊಡ್ಡ ಜಾತ್ರೆಗೊಂದು ದೌರ್ಬಲ್ಯವುಂಟು. ಅದು ಬೆಳೆದಷ್ಟೂ ಅದನ್ನು ನಿಲ್ಲಿಸದೆ ನಡೆಸಬಲ್ಲವರ ಸಂಖ್ಯೆಯು ಕುಗ್ಗುತ್ತದೆ. ನ್ಯಾಪರನ ಪಂದ್ಯಕ್ಕೆ ಬೇಕಾದುದು ಎರಡು ಎಂಜಿನು, ಒಂದು ಪೀಪಾಯಿ. 600 ಎಕರೆಯ ಪಟ್ಟಣಕ್ಕೆ ಬೇಕಾದುದು ವರ್ಷಪೂರ್ತಿ ನಿದ್ದೆಗೆಡುವ ಒಂದು ಮನೆತನ. ಬಾಯ್ಲರಿನಂತೆಯೇ ಜಾತ್ರೆಯೂ ಯಾರಾದರೂ ಬೆಂಕಿಯನ್ನು ಕೆದಕುತ್ತಿರುವವರೆಗೆ ಮಾತ್ರ ಬಿಸಿಯಾಗಿರುವುದು. ಈ ದೃಷ್ಟಿಯಿಂದ ಒಂದು ವರ್ಷದ ರದ್ದತಿಯೂ ಎಚ್ಚರಿಕೆಯ ಸೀಟಿಯೇ ಸರಿ.

ಆದರೆ ಸಂಘಟಕನ ಲೆಕ್ಕವನ್ನು ಎಷ್ಟು ವರ್ಷ ಜಾತ್ರೆ ನಡೆಯಿತೆಂಬುದರಿಂದ ಮಾತ್ರ ಮಾಡತಕ್ಕದ್ದಲ್ಲ. ಡಾರ್ಸೆಟ್ಟಿನ ಆ ಬಯಲಿನಲ್ಲಿ ಅರ್ಧ ಶತಮಾನದ ಕಾಲ ಹುಡುಗರು, ಹುಡುಗಿಯರು ಬೆಳಗಿನ ಚಳಿಯಲ್ಲಿ ಎದ್ದು, ಮುದುಕನೊಬ್ಬನ ಗದರಿಕೆಯನ್ನು ಕೇಳುತ್ತ, ಒದ್ದೆಯ ಕಟ್ಟಿಗೆಯಿಂದ ಬೆಂಕಿಯನ್ನೆಬ್ಬಿಸುವುದನ್ನು ಕಲಿತರು. ಅವರಲ್ಲಿ ಹಲವರ ಕೂದಲು ಈಗ ನರೆತಿದೆ. ಅವರ ಪಕ್ಕದಲ್ಲಿ ಹೊಸ ಹುಡುಗರು ನಿಲ್ಲಬೇಕಾದ ಕಾಲವಿದು. ನಿಲ್ಲಲು ಸಣ್ಣದೊಂದು ಹೊಲ ಸಾಕು. ಎರಡು ಎಂಜಿನು, ಒಂದು ನೇಗಿಲು, ಸೀಟಿಯ ಸದ್ದನ್ನು ಅರಿತ ಇಬ್ಬರು ಚಾಲಕರು ಇದ್ದರೆ ಉಳುಮೆಯು ನಡೆಯುತ್ತದೆ.